ಬಿಳಿ ಪಟ್ಟೆಯಿಲ್ಲದ ವೈಟ್ ಅಡ್ಮಿರಲ್

ಅಧ್ಯಕ್ಷತೆ ವಹಿಸಿರುವ ಶ್ರೀಮತಿ ಟ್ರಿಮ್ಮರ್ ಅವರೇ, ಮುಂದಿನ ಸಾಲಿನ ಮಾನ್ಯ ಅತಿಥಿಗಳೇ, ಹಿಂದೆ ನಿಂತು ಕೇಕಿನ ಮೇಲೆ ಕಣ್ಣಿಟ್ಟಿರುವ ನಮ್ಮ ಚಿಟ್ಟೆ ಸಂಘದ ಸದಸ್ಯರೇ, ಸಭಿಕರೇ,

ಹ್ಯಾಂಪ್‌ಶೈರಿನ ಕಾಡುಚಿಟ್ಟೆಗಳ ದಾಖಲೆ ಪುಸ್ತಕವನ್ನು ಮೂವತ್ತೊಂದು ವರ್ಷ ಕಾಪಾಡಿದ ಮಿಸ್ ಹೆಸ್ಟರ್ ಪೆಲ್ಲೋ ಇಂದು ಅದನ್ನು ನನಗೆ ಒಪ್ಪಿಸುತ್ತಿದ್ದಾರೆ. ಅವರನ್ನು ಹೊಗಳಲು ನಾನು ತಕ್ಕವನೇ? ಎರಡು ವರ್ಷ ಅವರೊಡನೆ ಮಾತು ಬಿಟ್ಟವನು ನಾನು!

ವೈಟ್ ಅಡ್ಮಿರಲ್ ಚಿಟ್ಟೆ ಎಂದರೆ ಕಪ್ಪು ರೆಕ್ಕೆಗೆ ಅಡ್ಡಲಾಗಿ ಬಿಳಿ ಪಟ್ಟೆ. ಎಲ್ಲೋ ಅಪರೂಪಕ್ಕೊಂದು ಆ ಪಟ್ಟೆಯೇ ಇಲ್ಲದೆ, ಅಪ್ಪಟ ಕಪ್ಪಾಗಿ ಹುಟ್ಟುತ್ತದೆ. ಹನ್ನೆರಡು ವರ್ಷದ ಹಿಂದೆ, ಬಸ್ ಓಡಿಸುವ ಕೆಲಸದಿಂದ ನಿವೃತ್ತನಾದ ಜುಲೈಯಲ್ಲಿ, ನಾನು ಒಂದನ್ನು ಕಂಡೆ. ಕಂಡೇ ಕಂಡೆ! ಓಡಿಹೋಗಿ ಮಿಸ್ ಪೆಲ್ಲೋ ಅವರ ಬಾಗಿಲು ಬಡಿದೆ.

“ಫೋಟೊ ಇದೆಯಾ?”

“ಇಲ್ಲ.”

“ಜೊತೇಲಿ ಯಾರಿದ್ರು?”

“ಯಾರೂ ಇಲ್ಲ.”

“ಹಾಗಾದ್ರೆ ರಿಂಗ್ಲೆಟ್ ಚಿಟ್ಟೆ ಇರಬೇಕು, ಥ್ರೋವರ್. ಅದೂ ಕಪ್ಪಗೇ ಕಾಣುತ್ತೆ. ನಿಮ್ಮ ಬಸ್ಸಿನ ನಂಬರ್ ಓದೋಕೂ ನಿಮಗೆ ಕನ್ನಡಕ ಬೇಕಿತ್ತಲ್ಲ!”

ಬಂತು ನೋಡಿ ಸಿಟ್ಟು. ಅಂದಿನಿಂದ ಅವರು ಎದುರಾದರೆ ನಾನು ರಸ್ತೆ ದಾಟುತ್ತಿದ್ದೆ. ಎರಡು ವರ್ಷದ ಮೇಲೆ ಅವರೇ ಅಂಚೆ ಕಚೇರಿಯ ಮುಂದೆ ದಾರಿಗಡ್ಡ ನಿಂತು, ತಮ್ಮ ಹಳೆಯ ನೋಟ್‌ಬುಕ್ ಬಿಡಿಸಿ ನನ್ನ ಮೂಗಿಗೆ ಹಿಡಿದರು. ಎಂದೋ ಒಂದು ಬೇಸಗೆಯಲ್ಲಿ ಅವರೂ ಒಂಟಿಯಾಗಿ ಕಪ್ಪು ಅಡ್ಮಿರಲ್ ಕಂಡಿದ್ದರು. ಬರೆದು, ಜೊತೆಗೆ ಸಾಕ್ಷಿಯಿಲ್ಲವೆಂದು ತಾವೇ ಹೊಡೆದುಹಾಕಿದ್ದರು.

“ನನಗೇ ಕೊಡದ ರಿಯಾಯಿತಿ ನಿಮಗೆ ಯಾಕ್ರೀ ಕೊಡ್ಲಿ?”

ಮರುದಿನವೇ ಇಬ್ಬರೂ ಕಾಡಿಗೆ ಹೋದೆವು. ಆಮೇಲೆ ಪ್ರತಿ ಜುಲೈಯಲ್ಲೂ ಹೋದೆವು. ಒಂದೇ ಫ್ಲಾಸ್ಕಿನ ಟೀ, ಅವರ ಉಪ್ಪಿನಕಾಯಿ-ಚೀಸ್ ಸ್ಯಾಂಡ್‌ವಿಚ್. ಹತ್ತು ಬೇಸಗೆ, ಸಭಿಕರೇ! ಕಪ್ಪು ಚಿಟ್ಟೆ ಮಾತ್ರ ಬರಲಿಲ್ಲ. ನನಗೇನೂ ಅವಸರವಿರಲಿಲ್ಲ.

ಈ ಜುಲೈ, ಮಧ್ಯಾಹ್ನ ಹನ್ನೆರಡರ ಹೊತ್ತು. “ಅಗೋ! ಓಕ್ ಮರದ ಹತ್ರ! ಪಟ್ಟೆ ಇಲ್ಲ! ನೋಡಿದ್ರಾ, ಥ್ರೋವರ್?” ಎಂದು ಅವರು ಕೂಗಿದರು.

ನೋಡಿದೆ ಎಂದುಬಿಟ್ಟಿದ್ದರೆ ಸಾಕಿತ್ತು, ದಾಖಲೆ ಆಗುತ್ತಿತ್ತು. ದಾಖಲೆ ಪುಸ್ತಕ ಅವರ ಕೈಯಲ್ಲಿರುವ ಕೊನೆಯ ಬೇಸಗೆ ಅದು. ಆದರೆ ನಾನು ನೋಡಿರಲಿಲ್ಲ.

“ಇಲ್ಲ” ಎಂದೆ.

“ಎದುರಿಗೇ ಹೋಯ್ತಲ್ರೀ! ಎಲ್ಲಿ ನೋಡ್ತಿದ್ರಿ?”

“ನಿಮ್ಮ ಮುಖಾನ.”

ಅಲ್ಲೇ ಉರುಳಿಬಿದ್ದಿದ್ದ ಮರದ ಮೇಲೆ ಅವರು ಕೂತರು. ಬೈಯುತ್ತಾರೆಂದುಕೊಂಡೆ. ಆದರೆ ಅವರು, “ಹನ್ನೆರಡು ವರ್ಷದಲ್ಲಿ ನೀವು ಕೊಟ್ಟ ಮೊದಲನೇ ನಂಬಬಹುದಾದ ವರದಿ ಇದು” ಎಂದರು. ಆಮೇಲೆ ನಕ್ಕರು. ಆ ನಗುವಿಗೆ ಕಾಡಿನ ಪಾರಿವಾಳಗಳೆಲ್ಲ ಎದ್ದು ಹಾರಿದವು.

ಅಲ್ಲೇ ಕಾದೆವು. ಮೂರು ಗಂಟೆ ದಾಟಿತ್ತು. ರೆಕ್ಕೆ ಬಡಿಯದೆ ತೇಲುತ್ತ ಬಂದು, ಬ್ಲ್ಯಾಕ್‌ಬೆರಿ ಹೂವಿನ ಮೇಲೆ ಕೂತಿತು ಆ ಕಪ್ಪು ಚಿಟ್ಟೆ! ಮೇಲ್ಗಡೆ ಮಸಿಯಂಥ ಕಪ್ಪು. ಒಂದು ಎಳೆ ಬಿಳುಪಿಲ್ಲ. ರೆಕ್ಕೆ ಮಡಚಿದಾಗ ಅಡಿಭಾಗ ತುಕ್ಕಿನ ಕೆಂಪು. ರಿಂಗ್ಲೆಟ್‌ಗೆಲ್ಲಿಯ ಆ ಕೆಂಪು? ಈ ಸಲ ನಾನು ಅವರ ಮುಖದ ಕಡೆ ತಿರುಗಲಿಲ್ಲ. ಇಬ್ಬರೂ ನೋಡಿದೆವು, ಇಬ್ಬರೂ ಸಹಿ ಹಾಕಿದೆವು.

ಇನ್ನು ಮುಂದೆ ಆ ದಾಖಲೆ ಪುಸ್ತಕ ನನ್ನ ಮನೆಯಲ್ಲಿರುತ್ತದೆ. ಹೆಸ್ಟರ್ ಕೂಡ ಅಲ್ಲೇ ಇರುತ್ತಾರೆ.

ಅಯ್ಯೋ, ನನ್ನನ್ನು ದುರುಗುಟ್ಟಿ ನೋಡುತ್ತಿದ್ದಾರೆ. ಇದನ್ನು ಟೀ ಆದಮೇಲೆ ಹೇಳಬೇಕಾಗಿತ್ತಂತೆ. ಕೂತು ಕೇಳಿದ ನಿಮಗೆ, ಕೇಕ್ ಕೊಯ್ಯಲು ಚಾಕು ಹಿಡಿದು ಇಷ್ಟು ಹೊತ್ತು ಕಾದವರಿಗೆ, ನನ್ನ ಕೈಹಿಡಿಯಲು ಒಪ್ಪಿಕೊಂಡ ಹೆಸ್ಟರ್ ಅವರಿಗೆ ನನ್ನ ವಂದನೆಗಳು. ನಮಸ್ಕಾರ.