ಬಿಚ್ಚಿ ಕೊಟ್ಟ ಕುರಿಗಂಟೆ

ಜತ್ತ ಬಸ್‌ಸ್ಟ್ಯಾಂಡಿನಲ್ಲಿ ಬಿಳೂರ ಬಸ್ಸಿಗೆ ಕಾಯುತ್ತಿದ್ದ ವ್ಯಾಪಾರಿ ತಮ್ಮಣ್ಣನ ಪಕ್ಕದಲ್ಲೇ ಸೊರಡಿಯ ಕುರಿಗಾರರ ಹಾಲವ್ವ, ಅವಳ ಮೈದುನ ಧೂಳಪ್ಪ ನಿಂತಿದ್ದರು.

“ಆ ಕಾರ್ಡ ಇನ್ನೊಮ್ಮಿ ಓದ, ಧೂಳಪ್ಪ.”

“ಎಷ್ಟ ಸಲ ಓದಸ್ತಿ ವೈನಿ? ನಿನ್ನ ಮಗ ಅಮೋಗಸಿದ್ದ ಸಾಂಗಲಿ ಹುಚ್ಚರ ದವಾಖಾನಿಯಿಂದ ಹ್ವಾದ ತಿಂಗಳ ಓಡಿ ಹೋಗ್ಯಾನ, ಮನಿಗೆ ಬಂದ್ರ ತಿಳಸ್ರಿ ಅಂದಾರ.”

“ನಾವು ತಿಳಸಬೇಕಂತ! ಆರ ವರ್ಷ ನನ್ನ ಮಗ ಎಲ್ಲಿ ಹೋದ್ರೂ ಅವನ ಉಡದಾರದಾಗಿನ ಗಂಟಿ ನನಗ ಹೇಳತಿತ್ತು. ದವಾಖಾನಿಗೆ ಸೇರಸಿದ ದಿನ ಅದನ್ಯಾಕ ಬಿಚ್ಚಿ ನನ್ನ ಕೈಗಿ ಕೊಟ್ರು?”

“ಮನಷ್ಯಾಗ ಕುರಿಗಂಟಿ ಕಟ್ಟೀರಿ, ನಾಚಿಕಿಲ್ಲೇನು ಅಂತ ದವಾಖಾನಿ ಸಾಹೇಬ ಬೈದಿದ್ನಲ್ಲ.”

“ಒಂದ ಹಾಸಿಗಿಗೆ ಮೂರ ಮಂದೀನ ಮಲಗಸ್ಯಾರ, ಅವ್ರಿಗಿತ್ತೇನ ನಾಚಿಕಿ? ಬಾಗಲಾ ಕಾಯಾಕ ಆಳಿಲ್ಲ, ಗಂಟಿ ಬಿಚ್ಚಾಕ ನಾಕ ಮಂದಿ ಬಂದಿದ್ರು!”

“ಸಾವಕಾಶ, ಮಂದಿ ಕೇಳತಾರ.”

“ಕೇಳ್ಲಿ!”

ತಮ್ಮಣ್ಣ ಕೇಳಿಸದವನಂತೆ ಅತ್ತ ಮುಖ ತಿರುಗಿಸಿದ. ಅಷ್ಟರಲ್ಲಿ ಸಾಂಗಲಿ ಬಸ್ಸು ಬಂತು.

“ಅಲ್ಲಿ ಹೋಗಿ ಏನ ಮಾಡ್ತಿ ವೈನಿ?”

“ಓಣಿ ಓಣ್ಯಾಗ ಈ ಗಂಟಿ ಬಾರಿಸ್ಕೋತ ತಿರಗತೀನಿ. ನನ್ನ ಮಗ ಕೇಳಿ ಬರ್ತಾನ. ಮೊದಲ ಆ ಸಾಹೇಬನ ಬಾಗಲದಾಗ ಬಾರಸ್ತೀನಿ.”

ನೂಕುನುಗ್ಗಲಲ್ಲಿ ಅವಳು ಹತ್ತುವಾಗ ಸೆರಗಿನೊಳಗಿನ ಗಂಟೆ ಗಣಗಣ ಎಂದಿತು.

“ಯಾರದ ಅದು ಕುರಿ? ಇಳಸ್ರಿ!” ಎಂದು ಕಂಡಕ್ಟರ್ ಕೂಗಿದ.

“ಕುರಿ ಅಲ್ಲಪಾ, ನನ್ನ ಮಗಂದು,” ಎಂದಳು ಹಾಲವ್ವ. ಬಸ್ಸು ಹೊರಟಿತು.