ಎಲ್ಲ ಬ್ರೌಸರಿನಲ್ಲೂ ಬರ್ತದೆ

ಬೆಳ್ತಂಗಡಿ ಬಸ್‌ಸ್ಟ್ಯಾಂಡಿನಲ್ಲಿ ಮೂಡುಬಿದಿರೆ ಬಸ್ಸಿಗೆ ಕಾಯುತ್ತಿದ್ದ ಸುಬ್ಬಯ್ಯನವರಿಗೆ, ಪಕ್ಕದಲ್ಲಿ ಕೂತ ಇಬ್ಬರು ಹೆಂಗಸರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಇಬ್ಬರೂ ತುಳು ವಿಕಿಪೀಡಿಯಕ್ಕೆ ಬರೆಯುವವರೆಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ವಿಕಿಗೆ ಬರೆಯುವ ಹೊಸ ಟೂಲ್ ಬಂದ ಮೇಲೆ ನನಗೆ ಒಂದಕ್ಷರ ಸೇರಿಸ್ಲಿಕ್ಕೆ ಆಗಲಿಲ್ಲ, ದೀಕ್ಷಿತಾ. ತಿಮರೆ, ಅದೇ ಒಂದೆಲಗದ ಚಟ್ನಿಯ ಪುಟ ಅರ್ಧದಲ್ಲೇ ಉಂಟು," ಎಂದರು ಹಿರಿಯಾಕೆ.

"ನಿಮ್ಮ ಬ್ರೌಸರ್ ತುಂಬ ಹಳತು, ಹರಿಣಾಕ್ಷಿಯಕ್ಕ. ಹೊಸತು ಹಾಕಿಸುವ."

"ಆ ಕಂಪ್ಯೂಟರಿನಲ್ಲಿ ಹೊಸತು ಆಗುವುದಿಲ್ಲ ಅಂತ ರಿಪೇರಿಯವ ನಿನ್ನೆ ಹೇಳಿದ. ಟೂಲ್ ಪರೀಕ್ಷೆ ಮಾಡಿದ್ದು ನೀನಲ್ವಾ? ಮೀಟಿಂಗಿನಲ್ಲಿ ಏನು ಹೇಳಿದ್ದೆ?"

"ಎಲ್ಲ ಬ್ರೌಸರಿನಲ್ಲೂ ಬರ್ತದೆ ಅಂತ."

"ಅದಕ್ಕೆ ಮೊದಲು ನೀನು ನಮ್ಮ ಮನೆಗೆ ಬಂದು ನನ್ನ ಕಂಪ್ಯೂಟರಿನಲ್ಲೇ ನೋಡಿದ್ದೆ, ಬರಲಿಲ್ಲ."

ದೀಕ್ಷಿತಾ ಛತ್ರಿಯ ಗುಂಡಿ ಹಾಕಿದಳು, ತೆಗೆದಳು. "ಬರುವುದಿಲ್ಲ ಅಂತ ಹೇಳಿದ್ರೆ ಎಲ್ಲ ಕೆಲಸ ನಿಲ್ತಿತ್ತು ಅಕ್ಕ. ಉಳಿದವರು ಕಾಯ್ತಾ ಇದ್ರು."

ಸುಬ್ಬಯ್ಯನವರು ಮುಖವನ್ನು ರಸ್ತೆಯ ಕಡೆ ತಿರುಗಿಸಿದರು. ಕಿವಿ ಮಾತ್ರ ಅಲ್ಲೇ ಇತ್ತು.

"ಅದಿರಲಿ. ಆ ದಿನ ಪರದೆ ಪೂರ್ತಿ ಬೆಳ್ಳಗಾದಾಗ ನಾನೇ ಏನೋ ತಪ್ಪು ಒತ್ತಿದೆ ಅಂತ ನಾಚಿಕೆಯಿಂದ ಕೈ ತೆಗೆದೆ. ಆಗ ನೀನು ಏನು ಹೇಳಿದೆ, ನೆನಪುಂಟಾ?"

ದೀಕ್ಷಿತಾ ಬಸ್ಸು ಬರುವ ದಾರಿ ನೋಡಿದಳು. ಬಸ್ಸು ಬಂದು ನಿಂತಿತು.

"'ಪರವಾಗಿಲ್ಲ ಅಕ್ಕ, ನಿಮಗೂ ನಿಧಾನಕ್ಕೆ ಅಭ್ಯಾಸ ಆಗ್ತದೆ' ಅಂತ ನೀನು ಅಂದೆ." ಹರಿಣಾಕ್ಷಿ ಚೀಲ ಎತ್ತಿಕೊಂಡರು. "ನಿನ್ನೆಯವರೆಗೂ ದಿನಾ ಕೂತು ಅಭ್ಯಾಸ ಮಾಡಿದೆ, ಮಾರಾಯ್ತಿ."

ಮೊದಲು ಹತ್ತಿದ ಅವರು ಕಿಟಕಿಯ ಬಳಿ ಕೂತು, ಪಕ್ಕದ ಸೀಟಿನಲ್ಲಿ ಚೀಲವನ್ನು ಇಟ್ಟುಕೊಂಡರು.