ಒಣ ಪರಸಿ, ಎಣ್ಣಿ ಹಲಗಿ

ಹಲೋ... ಹಾಂ, ಹಲೋ. ಯಾರ್ರಿ ಮಾತಾಡೂದು? ಹೈದರಾಬಾದ ಕಡಿಯಿಂದೇನ್ರಿ?...

ಲೀಲಾ? ನೀನೇನವ್ವ ಶಿವಲೀಲಾ? ಹಾಂ, ನಾ ನಿಮ್ಮ ಮಾಮಾನೇ. ಮತ್ತ ಇದು ಯಾರ ಫೋನು? ನಿಂದು ಎಲ್ಲಿ ಹೋತು?...

ಹಾಂ, ಹಾಂ. ಪಂದ್ಯ ಮುಗಿಯೂತನಕ ನಿಮ್ಮ ಫೋನು ಅವರೇ ಇಟ್ಕೊಂಡಾರ. ಬರೋಬ್ಬರಿ ಮಾಡ್ಯಾರ ಬಿಡು. ಅಲ್ಲ, ಇದು ಯಾರದು ಅಂತ ಕೇಳಿದೆ...

ಗಯಾಸಂದ. ಯಾವ ಗಯಾಸ? ಬೂಟು ಕೊಡೂ ಕಿಡಕಿ ಹಂತ್ಯಾಕ ಕುಂದರ್ತಾನ, ಗಡ್ಡಕ್ಕ ಮೆಹಂದಿ ಹಚ್ಚಿರ್ತಾನ, ಅವನೇನು? ಇನ್ನಾ ಅಲ್ಲೇ ಅದಾನ?...

ಏನರ ಅಂದನೇನು? ಅಂದ್ರ, ನನ್ನ ಬಗ್ಗಿ... ಏನೂ ಅಂದಿಲ್ಲ, ಹೌದಿಲ್ಲೋ? ಚಲೋ ಆತು. ಭಾಳ ಒಳ್ಳೆ ಮನಶ್ಯಾ ಅಂವ. ಮಾತು ಕಡಿಮಿ...

ಹೇಳು, ಆಟ ಏನಾತು? ಎಷ್ಟು ಮುಗದ್ವು?... ನಾಕು ಮುಗದಾವ, ಇನ್ನೆರಡು ಉಳದಾವ. ಹಾಂ. ಮತ್ತ ನೀ ಎಷ್ಟನೇದಾಕಿ?...

ಏಳನೇದಾಕಿ... ಇಲ್ಲ ಇಲ್ಲ, ಸಿಟ್ಟಿಲ್ಲ. ಎಷ್ಟು ಮಂದಿ ಹುಡುಗ್ಯಾರು ಬಂದಾರ?... ಹನ್ನೆರಡು. ಅಂದ್ರ ನಿನ್ನ ಹಿಂದ ಇನ್ನಾ ಐದು ಮಂದಿ ಅದಾರಲ್ಲ...

ಗೊತ್ತವ್ವ, ಗೊತ್ತು. ಮೊದಲಿನ ನಾಕು ಮಂದಿನ್ನ ಅಷ್ಟೇ ಒಂದು ವರ್ಷ ಅಲ್ಲೇ ಇಟ್ಕೊಂಡು ಖರೇ ಕೋಚು ಕಲಸ್ತಾರ. ಅದಕ್ಕಂತನೇ ಕಳಿಸೀವಿ. ನಾಕನೇದಾಕಿಗಿ ಎಷ್ಟು ಕಡಿಮಿ ಅದಿ?... ಮೂವತ್ತೊಂದು ಪಿನ್ನು. ಹಾಂ. ಒಂದೇ ಚೆಂಡಿಗಿ ಹತ್ತು ಪಿನ್ನು ಕೆಡವೂ ಆಟದಾಗ ಅದು ಆಗದೇನಲ್ಲ...

ಏನಂದಿ? ಚೆಂಡು ತಿರಗವಲ್ದು? ಸೀದಾ ಹೋಗಿ ಉರುಳೂ ಹಲಗಿ ಬಿಟ್ಟು ಬಲಗಡಿ ಮೋರಿಗಿ ಬೀಳಾಕತ್ತದ? ಅಲ್ಲವ್ವ, ಇಲ್ಲಿ ಶಹಾಪುರದಾಗ ನಾ ಕಾವಲಿರೂ ಹತ್ತಿ ಗೋದಾಮಿನ್ಯಾಗ ಹಗ್ಗ ಕಟ್ಟಿ ಎಳದಂಗ ತಿರಗತಿತ್ತಲ್ಲ. ಬಾಗಲ ಕಡಿ ಹೋದದ್ದು ನಡುವಿನ ಪಿನ್ನಿಗಿ ಬಂದು ಬಡೀತಿತ್ತು...

ಮಣಿಕಟ್ಟು ಬಿಗಿ ಹಿಡದೀಯೇನು?... ಹಿಡದಿ. ಬೂಟಿನ ತಳ ನೋಡಿದಿ?... ನೋಡಿದಿ. ಮುಂಜಾನೆ ಏನು ತಿಂದಿ?... ಉಪ್ಪಿಟ್ಟು. ಅದೇ ನೋಡು ಮತ್ತ. ಉಪ್ಪಿಟ್ಟು ತಿಂದ್ರ ತೋಳು ಭಾರ ಆಗ್ತಾವ...

ಹೌದು, ಹಂಗಂತ ನಾನೂ ಎಲ್ಲೂ ಕೇಳಿಲ್ಲ. ಈಗ ಬಾಯಿಗಿ ಬಂತು, ಅಂದೆ...

ಏನು?... ನಾ ಅಲ್ಲಿ ಆಡೂ ಮುಂದ ಹಲಗಿ ಮ್ಯಾಲಿನ ಯಾವ ಬಾಣದ ಗುರುತಿನ ಮ್ಯಾಲ ಒಗೀತಿದ್ದೆ ಅಂತ ಕೇಳ್ತಿ. ನಾ ಆಡೂ ಮುಂದ...

ಹಲೋ? ಲೀಲಾ, ಕೇಳಸವಲ್ದು ನೋಡು. ಗಾಳಿ ಭಾಳದ ಇಲ್ಲಿ...

ಇಲ್ಲವ್ವ. ಕೇಳಸ್ತದ. ಚಲೋತ್ನಾಗಿ ಕೇಳಸ್ತದ. ಗಾಳೀನೂ ಇಲ್ಲ...

ಬಿಡುವು ಇನ್ನಾ ಎಷ್ಟು ನಿಮಿಷ ಅದ?... ಹತ್ತು. ಹಂಗಾರ ಒಂದು ಹಕೀಕತ್ತು ಹೇಳ್ತೀನಿ. ನಡುವ ಫೋನು ಇಡಬ್ಯಾಡ. ಬೈಯೂದಿದ್ರ ಕಡೀಕ ಬೈಯಿ...

ನಾ ಅಲ್ಲಿ ಆಡಿಲ್ಲ...

ಹಾಂ. ಒಂದು ಆಟನೂ ಆಡಿಲ್ಲ. ಮೂರು ವರ್ಷ ಇದ್ದೆ, ಅದು ಖರೇ. ಆದ್ರ ಆಡೂ ಮಂದ್ಯಾಗಲ್ಲ. ಮುಂಜಾನೆ ಆರಕ್ಕ ಬಂದು ಹಲಗಿಗಿ ಎಣ್ಣಿ ಹಚ್ಚತಿದ್ದೆ. ಹತ್ತಕ್ಕ ಆಡೋರು ಬಂದ್ರ ಚೆಂಡು ಒರಸತಿದ್ದೆ. ಅಷ್ಟೇ ನೌಕರಿ...

ಆ ಫೋಟೋ? ಪಂದ್ಯದ ಕಪ್ಪು ಹಿಡಕೊಂಡು ನಿಂತದ್ದೇನು? ಕಪ್ಪು ತಿಕ್ಕಾಕ ಕೊಟ್ಟಿದ್ರವ್ವ. ತಿಕ್ಕಿ ಮುಗಿಸಿದ ಮ್ಯಾಲ ಆ ಗಯಾಸನೇ ತಗದ ಫೋಟೋ. ಅದಕ್ಕ ನಮ್ಮ ಪಡಸಾಲ್ಯಾಗ ಹನ್ನೊಂದು ವರ್ಷದಿಂದ ಹಾರ ಹಾಕೀವಿ...

ಗೊತ್ತಿಲ್ಲ, ನಿಮ್ಮ ದೇವಕಿ ಅತ್ತಿಗೂ ಇವತ್ತೇ ಗೊತ್ತಾಗಾಕತ್ತದ. ಇಲ್ಲೇ ಅದಾಳ. ರೊಟ್ಟಿ ಬಡಿಯೂದು ಬಿಟ್ಟು ಬಾಗಲದಾಗ ಬಂದು ನಿಂತಾಳ, ಕೈಯಾಗ ಹಿಟ್ಟು ಹಂಗೇ ಅದ. ಸುರಪುರಕ್ಕ ಹೆಣ್ಣು ನೋಡಾಕ ಹೋದಾಗ, ಎಣ್ಣಿ ಹಚ್ಚೂ ನೌಕರಿ ಅಂದಿದ್ರ ಈಕಿ ಅಪ್ಪ ಚಾ ಸೈತ ಕೊಡ್ತಿದ್ದಿಲ್ಲ. ಆಟಗಾರ ಅಂದೆ. ಹುಡುಗೀನೂ ಕೊಟ್ರು, ಉಂಗುರಾನೂ ಹಾಕಿದ್ರು. ಆಮ್ಯಾಲ ಆ ಸುಳ್ಳು ಇಳಿಸಾಕ ಜಾಗಾನೇ ಸಿಗಲಿಲ್ಲ. ಈ ಕಡಿ ಯಾರಿಗೂ ಈ ಆಟ ಗೊತ್ತಿಲ್ಲ, ಬೌಲಿಂಗ್ ಅಂದ್ರ ಕ್ರಿಕೆಟ್ ಅಂತಾರ. ಹಾಳೂರಿಗಿ ಉಳದಾಂವೇ ಗೌಡ ಅಂದಂಗ ನಾ ಕೋಚು ಆಗಿ ಕುಂತೆ...

ಲೀಲಾ?... ಏನಂದಿ? ಇನ್ನೊಮ್ಮಿ ಹೇಳು...

ಹೌದು. ಎಂಟು ತಿಂಗಳು ನಿಮ್ಮೂರು ಗೋಗಿಯಿಂದ ದಿನಾ ಆಟೋದಾಗ ಮಂದಿ ಕಾಲಾಗ ಕುಂತು ಬಂದಿ, ಕಾಲೇಜು ಬಿಟ್ಟು ಸೀದಾ ಗೋದಾಮಿಗಿ ಬಂದಿ. ಅದೆಲ್ಲಾ ಒಂದು ಸುಳ್ಳು ನಂಬಿ ಮಾಡಿದೇನು ಅಂತ ಕೇಳಿದಿ. ನಾಚಿಕಿ ಆಗ್ತದವ್ವ, ಖರೇ ಹೇಳ್ತೀನಿ. ನಿಮ್ಮವ್ವನ ಮುಂದ ಮಾರಿ ಹ್ಯಾಂಗ ತೋರಸ್ಲಿ ಅನ್ನೂದೂ ತಿಳೀವಲ್ದು. ಒಡಹುಟ್ಟಿದಾಕಿ, ಅಣ್ಣ ಅದಾನಂತ ನಿನ್ನ ನನ್ನ ಕೈಯಾಗ ಕೊಟ್ಲು...

ಅಳಬ್ಯಾಡ. ಅತ್ರ ಬಾಣದ ಗುರುತು ಕಾಣಂಗಿಲ್ಲ. ಇದು ಉಪ್ಪಿಟ್ಟಿನ ಮಾತಲ್ಲ, ಇದು ಖರೇದು...

ಕೇಳು. ಆಟಗಾರ ಮೌನೇಶ ಹೋದ, ಅವನ್ನ ಬಿಟ್ಟುಬಿಡು. ಎಣ್ಣಿ ಹಚ್ಚೂ ಮೌನೇಶ ಹೇಳಾಕತ್ತಾನ, ಅಷ್ಟು ಕೇಳು. ಅವನಿಗಿ ಆ ಹಲಗಿ ಅಂಗೈಯಷ್ಟು ಗೊತ್ತದ...

ಅರವತ್ತು ಫೂಟು ಉದ್ದ ಅದ ಹಲಗಿ, ಸಣ್ಣ ಸಣ್ಣ ಪಟ್ಟಿ ಜೋಡಿಸಿದ್ದು. ಮೊದಲಿನ ನಲವತ್ತಕ್ಕ ಎಣ್ಣಿ ಇರ್ತದ, ಕಣ್ಣಿಗಿ ಕಾಣಂಗಿಲ್ಲ. ಕಡೀ ಇಪ್ಪತ್ತು ಒಣಗೇ ಇರ್ತದ. ಎಣ್ಣಿನೂ ಎಲ್ಲಾ ಕಡಿ ಒಂದೇ ಸಮ ಇರಂಗಿಲ್ಲ. ನಡುವ ದಪ್ಪ, ಎರಡೂ ದಂಡಿಗಿ ತೆಳ್ಳಗ. ದಪ್ಪ ಎಣ್ಣಿ ಮ್ಯಾಲ ಚೆಂಡು ಜಾರ್ತದ, ನೀ ಎಷ್ಟು ತಿರಿವಿದ್ರೂ ಅದಕ್ಕ ಕೇಳಂಗಿಲ್ಲ. ಒಣದಕ್ಕ ಬಂದ ಮ್ಯಾಲ ಹಿಡೀತದ, ಹಿಡದ್ರ ತಿರಗತದ. ತಿಳೀತೇನು?...

ಹಾಂ, ಅದೇ. ನೀ ಕಲ್ತದ್ದು ಪರಸಿ ಕಲ್ಲಿನ ಮ್ಯಾಲ. ಪೂರಾ ಒಣ, ಮ್ಯಾಲ ಹತ್ತಿ ಧೂಳ. ಕೈ ಬಿಟ್ಟ ಕೂಡ್ಲೇ ಹಿಡೀತಿತ್ತು. ಅದಕ್ಕೇ ಜೋರಾಗಿ ಒಗಿ, ನಡುವಿನಿಂದ ಬಲಕ್ಕ ಒಗಿ, ತಾನೇ ಬರ್ತದ ಅಂತ ಕಲಿಸಿದೆ. ಅಲ್ಲಿ ಹಂಗ ಒಗದ್ರ ದಪ್ಪ ಎಣ್ಣಿ ಮ್ಯಾಲ ಜಾರಿ, ತಿರಗಾಕ ಪುರಸೊತ್ತಿಲ್ಲದಂಗ ಮೋರಿಗಿ ಹೋಗ್ತದ. ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ ಅಂತಾರಲ್ಲ, ನೀ ಕುಣೀತಿ ಲೀಲಾ. ಕುಣಿಸಿದಾಂವ ಬ್ಯಾರೆ ನೆಲದ ಮ್ಯಾಲ ಕುಣಿಸ್ಯಾನ...

ಮತ್ತ ಪರಸಿಗಿ ಎಣ್ಣಿ ಯಾಕ ಹಚ್ಚಲಿಲ್ಲ ಅಂತ ಕೇಳೇ ಕೇಳ್ತಿ ನೀ. ಹಚ್ಚಿದ್ದೆ. ನೀ ಕಲಿಯಾಕ ಬರೂದಕ್ಕ ಎರಡು ದಿನ ಮೊದಲ. ಕುಸುಬಿ ಎಣ್ಣಿ, ಎರಡು ಲೀಟರ. ಮೊದಲ ಇರುವಿ ಬಂದ್ವು. ಆಮ್ಯಾಲ ಗೋದಾಮಿನ ಮಾಲಕರು, ವಿಶ್ವಾರಾಧ್ಯ ಸಾವ್ಕಾರ್ರು ಬಂದ್ರು. ಇರುವಿ ಏನೂ ಜಾರಲಿಲ್ಲ...

ಹಾಂ, ಸೊಂಟ. ಹದಿನೈದು ದಿನ ಹಾಸಿಗಿ ಹಿಡದಿದ್ರು. ಇನ್ನೊಮ್ಮಿ ಒಂದು ಹನಿ ಎಣ್ಣಿ ಕಂಡ್ರ ಕಾವಲಗಾರಕಿ ಬಿಟ್ಟು ಮನಿಗಿ ಹೋಗು ಅಂದ್ರು. ಅಂಜಿದೆನವ್ವ. ಕಲಿಯೋರಿಗಿ ಒಣ ನೆಲಾನೇ ಚಲೋ ಅಂತ ನಿನಗ ಶಾಸ್ತ್ರ ಹೇಳಿದೆ. ನೀ ಅದನ್ನ ವಹಿದಾಗ ಬರಕೊಂಡಿ...

ನಗು, ನಗು. ಪರವಾಗಿಲ್ಲ. ನಿಮ್ಮ ಅತ್ತೀನೂ ನಗಾಕತ್ತಾಳ, ಸೆರಗು ಬಾಯಿಗಿಟ್ಕೊಂಡು. ಹನ್ನೊಂದು ವರ್ಷದ ಸುಳ್ಳಿಗಿ ಇಷ್ಟೇ ಶಿಕ್ಷಾ ಆದ್ರ ನಾ ಬಚಾವ್ ಆದೆ...

ತಡಿ ತಡಿ. ಚೆಂಡು ಎಲ್ಲದ? ಮುಟ್ಟಿ ನೋಡು. ಜಿಡ್ಡ ಅದ ಏನು?... ಕೈ ಜಾರ್ತದ?... ಕೊಬ್ಬರಿ ವಾಸನಿ ಬರ್ತದ?...

ಅಯ್ಯ ಶಿವನೇ. ಲೀಲಾ, ನಿನ್ನೆ ನೀ ಹೊಂಡೂ ಮುಂದ ನಿಮ್ಮ ಅತ್ತಿ ಚೆಂಡಿಗಿ ಕೊಬ್ಬರಿ ಎಣ್ಣಿ ಸವರಿ, ಕುಂಕುಮ ಹಚ್ಚಿ, ಆರತಿ ಬೆಳಗಿದ್ಲು ನೋಡು. ಆಕಿಗೇನು ಗೊತ್ತು? ಕುಡಗೋಲಿಗಿ ಹಚ್ಚಿ ಪೂಜಿ ಮಾಡ್ತೀವಿ, ಹೊಲದ ಕುಂಟಿಗಿ ಮಾಡ್ತೀವಿ, ಚೆಂಡಿಗೂ ಮಾಡಿದ್ಲು. ತಾಟು ಹಿಡದು ನಿಂತಾಂವ ಯಾರು? ನಾನು. ಮೂರು ವರ್ಷ ಹೊಟ್ಟಿಪಾಡಿಗಿ ಆ ಚೆಂಡಿನ ಎಣ್ಣಿ ಒರಸಿದಾಂವ. ಕುಡಗೋಲು ಎಣ್ಣಿ ಕುಡಿಯಂಗಿಲ್ಲ, ಈ ಚೆಂಡು ಕುಡೀತದ. ಎಣ್ಣಿ ಹಲಗಿಗಿ ಎಣ್ಣಿ ಚೆಂಡು ಕಳಿಸಿ, ತಿರಗವಲ್ದು ಯಾಕ ಅಂತ ನಿನಗೇ ಕೇಳಾಕತ್ತಿದ್ದೆ...

ಕೇಳು ಈಗ, ಟೈಮಿಲ್ಲ. ಗಯಾಸನ ಹಂತ್ಯಾಕ ಚೆಂಡು ಒರಸೂ ಔಷಧ ಇರ್ತದ, ಸಣ್ಣ ಬಾಟ್ಲಿ. ಬಿಡುವಿನ್ಯಾಗ ಹಚ್ಚಿ ತಿಕ್ಕು, ಬಟ್ಟಿಗಿ ಜಿಡ್ಡ ಬರೂದು ನಿಲ್ಲೂತನಕ ತಿಕ್ಕು. ಆಟ ಸುರು ಆದ ಮ್ಯಾಲ ಬರೇ ಟವೆಲ್ಲು, ಒಗಿಯೂದಕ್ಕ ಮೊದಲ ಪ್ರತಿ ಸಲ. ಆತಾ?... ಇನ್ನ ಬಲಕ್ಕ ಸರದು ನಿಂದರು. ಬಲಗಡಿಯಿಂದ ಎರಡನೇ ಬಾಣ ನೋಡು. ಅಲ್ಲಿ ಮೊದಲೇ ಎಣ್ಣಿ ತೆಳ್ಳಗ, ನಾಕು ಆಟದಾಗ ಎಲ್ಲಾ ಹುಡುಗ್ಯಾರ ಚೆಂಡೂ ಅದನ್ನ ಇನ್ನಷ್ಟು ಎತ್ಕೊಂಡು ಹೋಗ್ಯಾವ. ಜೋರು ಬ್ಯಾಡ. ಮೆತ್ತಗ ಬಿಡು, ತಿರಗಾಕ ಪುರಸೊತ್ತು ಕೊಡು...

ಆಮ್ಯಾಲ ಭಾಳ ಲಗೂ ತಿರಗಾಕತ್ರ? ಬೇಷ ಕೇಳಿದಿ. ಹಂಗಂದ್ರ ಅಲ್ಲೂ ಎಣ್ಣಿ ಮುಗದದ ಅಂತ ತಿಳಿ. ಎರಡು ಪಟ್ಟಿ ಎಡಕ್ಕ ಸರಿ. ಮತ್ತ ಮುಗದ್ರ ಮತ್ತ ಸರಿ. ನಾ ಇಲ್ಲಿ ಕುಂತು ಹೇಳೂ ಮಾತಲ್ಲ ಅದು, ಚೆಂಡು ನೋಡಿ ನೀನೇ ತಿಳೀಬೇಕು...

ಇನ್ನೊಂದದ. ಫಾರ್ಮಿನ್ಯಾಗ ಕೋಚು ಅನ್ನೂ ಕಡಿ ನನ್ನ ಹೆಸರಿನ ಮುಂದ ‘ಮಾಜಿ ಆಟಗಾರ’ ಅಂತ ಬರದೀವಲ್ಲ, ಐದನೇ ಆಟಕ್ಕ ಮೈಕಿನ್ಯಾಗ ಓದ್ತಾರ ಅಂದಿದ್ದಿ. ತಗಿಸು ಅದನ್ನ. ಅಲ್ಲಿ ನನ್ನ ಗುರುತಿನ ಮಂದಿ ಇನ್ನಾ ಅದಾರ, ನಿನ್ನ ನೋಡಿ ನಕ್ಕಾರು. ಹೆಸರೇ ಹೊಡದು ಹಾಕಿಸು, ಖಾಲಿ ಇರ್ಲಿ...

ಆಯ್ತು ಅಂದಿ, ಬರೇ ಆಯ್ತು?... ಆಗ್ಲಿ. ಹೋಗು. ಫೋನು ಗಯಾಸನ ಕೈಯಾಗ ಕೊಡು...

ಹಾಂ, ಗಯಾಸಭಾಯಿ, ಸಲಾಂ. ಹೌದು, ನಾನೇ. ಹ್ಯಾಂಗದಿ? ನಿಮ್ಮೂರು ಗುರಮಿಟಕಲ್ಲಿಗಿ ಹೋಗಿ ಬಂದು ಮಾಡ್ತೀಯೋ, ಅಲ್ಲೇ ಕಾಯಂ ಆದ್ಯೋ?...

ಮುಂಜಾನೆ ಆಕಿ ನನ್ನ ಹೆಸರು ಹೇಳಿದಾಗನೇ ತಿಳೀತಾ? ಮತ್ತ ಯಾಕ ಹೇಳಲಿಲ್ಲ ಆಕಿಗಿ?... ನನ್ನ ಮಾತು ನಾನೇ ಹೇಳ್ಬೇಕು ಅಂತ ಬಿಟ್ಟಿ. ಭಾಳ ಉಪಕಾರ ಆತು ಭಾಯಿ...

ಚಾರ್ಜು ಮುಗಿಯಾಕ ಬಂದದ? ಇದ್ದಷ್ಟು ಇರ್ಲಿ. ಫೋನು ಹಲಗಿ ಕಡಿ ಮಾಡಿ ಹಿಡಿ. ಸಪ್ಪಳ ಕೇಳಿದ್ರ ಸಾಕು, ನನಗ ತಿಳೀತದ...

ಮೈಕಿನ ದನಿ ಬರಾಕತ್ತದ. ದೇವಕಿ, ಇಲ್ಲಿ ಬಾ, ಕಿವಿ ಹಚ್ಚು... ಶಿವಲೀಲಾ... ಗೋಗಿ ಅಂದ್ರು... ಕೋಚು... ಅಲ್ಲ, ತಗಿಸು ಅಂದಿದ್ದೆನಲ್ಲ ನಾ? ಮೌನೇಶ ಅಂದ್ರು. ಆಮ್ಯಾಲ ಇಂಗ್ಲಿಷಿನ್ಯಾಗ ಏನೋ ಅಂದ್ರು. ಗಯಾಸಭಾಯಿ, ಏನಂದ್ರು?...

‘ಇದೇ ಹಲಗಿಗಿ ಮೂರು ವರ್ಷ ಎಣ್ಣಿ ಹಚ್ಚಿದವರು.’ ಆಕಿನೇ ಬರಸಿದ್ಲೇನು?... ಮಂದಿ ನಕ್ರೇನು?... ನೀ ಚಪ್ಪಾಳಿ ಬಡದಿ. ನೀ ಒಬ್ಬನೇ?... ಆಮ್ಯಾಲ ಎಲ್ಲಾರೂ?...

ಇಲ್ಲ, ಏನಿಲ್ಲ ಭಾಯಿ. ಅಳಾಕತ್ತಿಲ್ಲ. ದೇವಕಿ ಹಿಟ್ಟಿನ ಕೈ ನನ್ನ ಮಾರಿಗಿ ಹಚ್ಚಿದ್ಲು, ಕಣ್ಣಾಗ ಬಿತ್ತು...

ಸುಮ್ನಿರು, ಸುಮ್ನಿರು. ಬಿಟ್ಲು... ಸಪ್ಪಳಿಲ್ಲ, ಎಣ್ಣಿ ಮ್ಯಾಲ ಅದ... ಇನ್ನಾ ಎಣ್ಣಿ ಮ್ಯಾಲೇ ಅದ... ಗರಗರ ಅಂತು. ಒಣದಕ್ಕ ಬಂತು. ಹಿಡೀತು ದೇವಕಿ, ತಿರಗಾಕತ್ತು...

ಒಂಬತ್ತು. ಸಪ್ಪಳಕ್ಕೇ ಗೊತ್ತಾತು, ಒಂಬತ್ತು... ಕಡೀದು ಓಲಾಡಾಕತ್ತದ? ಓಲಾಡಿ... ಬಿತ್ತಾ? ಬಿತ್ತು! ಹತ್ತೂ ಬಿದ್ವು...

ಏನು? ಆಕಿ ಈ ಕಡಿ ಬರಾಕತ್ತಾಳ? ಏನು ಕೇಳಾಕತ್ತಾಳ?... ಮುಂದಿನ ಚೆಂಡು ಅಲ್ಲೇ ಒಗೀಲೋ, ಸರೀಲೋ ಅಂತ ಕೋಚಿಗಿ ಕೇಳು ಅಂದ್ಲಾ?... ಕೋಚಿಗಿ ಅಂದ್ಲಾ? ಇನ್ನೊಮ್ಮಿ ಹೇಳು ಭಾಯಿ, ಮಾಮಾ ಅಂದ್ಲೋ, ಕೋಚು ಅಂದ್ಲೋ?...

ಅಲ್ಲೇ, ಅಲ್ಲೇ ಅಂತ ಹೇಳು. ಇನ್ನೊಂದು ಸಲ ಅಲ್ಲೇ ಒಗದು, ಆಮ್ಯಾಲ ಎರಡು ಪಟ್ಟಿ... ಹಲೋ? ಗಯಾಸಭಾಯಿ? ಎರಡು ಪಟ್ಟಿ ಎಡಕ್ಕ... ಹಲೋ... ಎಡಕ್ಕ ಅಂತ ಹೇಳು... ಹಲೋ...